ಮಂದ ಕಿವಿ ಮುಂದೆ

ದೊಡ್ಡವನ ಎಡಗಿವಿಯ ತಮಟೆಗೆ ತೂತು ಬಿದ್ದದ್ದು ನೀರಿನೊಳಗಲ್ಲ, ಮನೆಯ ಮಂಚದ ಮೇಲೆ. ಎರಡು ದಿನ ಕಿವಿಯೊಳಗೆ ಯಾರೋ ಕೂತು ಮೊಳೆ ಹೊಡೆದಂಥ ನೋವು. ಮೂರನೆಯ ದಿನ ಬೆಳಗ್ಗೆ ಏಳುವಾಗ ದಿಂಬಿನ ಮೇಲೆ ಕೀವು, ನೋವು ಮಂಗಮಾಯ. ಪೀಡೆ ತೊಲಗಿತು ಎಂದುಕೊಂಡ. ಹೆಂಡತಿ ಬಿಡದೆ ಕಿವಿ ಡಾಕ್ಟರ ಹತ್ತಿರ ಅಟ್ಟಿದಳು. ಡಾಕ್ಟರು ದೀಪ ಬಿಟ್ಟು ನೋಡಿ, ಕೀವಿನ ಒತ್ತಡಕ್ಕೆ ತಮಟೆ ಒಡೆದಿದೆ, ಸಾಸಿವೆ ಕಾಳಿನಷ್ಟು ತೂತಾಗಿದೆ ಎಂದರು. ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಆದರೆ ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಕಿವಿಗೆ ಒಂದು ಹನಿ ನೀರೂ ಸೋಕಬಾರದು, ಸ್ನಾನಕ್ಕೂ ಹತ್ತಿ ಇಟ್ಟುಕೊಂಡೇ ಹೋಗಬೇಕು. ಏನು ಕೆಲಸ ಎಂದು ಕೇಳಿದರು. ನೀರು ಸರಬರಾಜು ಕಚೇರಿಯಲ್ಲಿ ಎಂದ. ಅದು ಸುಳ್ಳಲ್ಲ. ಅವನನ್ನು ಗುಮಾಸ್ತನೆಂದು ತಿಳಿದು ಡಾಕ್ಟರು ಮಾತ್ರೆ ಬರೆದರು.

ಅವನು ಆ ಕಚೇರಿಯ ಮುಳುಗುಗಾರ. ಊರಿಗೆ ಕುಡಿಯುವ ನೀರು ಕೊಡುವ ಜಲಾಶಯದ ನಡುವೆ ಕಾಂಕ್ರೀಟಿನ ಗೋಪುರವೊಂದಿತ್ತು. ಅದರ ಬುಡಕ್ಕೆ ತುಸು ಮೇಲೆ, ಹದಿನೆಂಟು ಮೀಟರ್ ಆಳದಲ್ಲಿ, ಪಂಪುಗಳು ನೀರೆಳೆದುಕೊಳ್ಳುವ ಬಾಯಿ. ಬಾಯಿಗೆ ಕಬ್ಬಿಣದ ಕಂಬಿಗಳ ಜಾಲರಿ. ಎಲೆ, ಪ್ಲಾಸ್ಟಿಕ್, ಕಪ್ಪೆಚಿಪ್ಪು ಸೇರಿ ಹತ್ತು ದಿನಕ್ಕೊಮ್ಮೆ ಜಾಲರಿ ಕಟ್ಟಿಕೊಳ್ಳುತ್ತಿತ್ತು. ಆಗ ಪಂಪು ನಿಲ್ಲಿಸಿ ಇಬ್ಬರು ಸಿಲಿಂಡರ್ ಹೊತ್ತು ಇಳಿಯುತ್ತಿದ್ದರು, ಕೆರೆದು ಬರುತ್ತಿದ್ದರು. ಅವರು ಮೇಲೆ ಬರುವವರೆಗೆ ಪಂಪಿನ ಕೀಲಿಕೈ ಮೇಲೆ ನಿಂತು ಹಗ್ಗ ನೋಡಿಕೊಳ್ಳುವ ಮೇಸ್ತ್ರಿಯ ಸೊಂಟದಲ್ಲಿ ಇರುತ್ತಿತ್ತು. ಒಬ್ಬನೇ ಇಳಿಯುವಂತಿಲ್ಲ. ಎರಡನೆಯವನು ದೊಡ್ಡವನ ಷಡ್ಡಕ: ಇಬ್ಬರ ಹೆಂಡಿರು ಅಕ್ಕತಂಗಿಯರು. ಕಚೇರಿಯಲ್ಲಿ ಎಲ್ಲರಿಗೂ ಅವರು ದೊಡ್ಡ ಷಡ್ಡಕ, ಚಿಕ್ಕ ಷಡ್ಡಕ. ಬರಬರುತ್ತಾ ಷಡ್ಡಕ ಉದುರಿ ದೊಡ್ಡವ, ಚಿಕ್ಕವ ಅಷ್ಟೇ ಉಳಿದಿತ್ತು.

ಕಿವಿ ಒಡೆದಿದೆ ಎಂದು ಹೇಳಿದರೆ ಮೂರು ತಿಂಗಳು ದಡದ ಮೇಲೆ ಕೂರಬೇಕು. ದೊಡ್ಡವನಿಗಿಂತ ಮೊದಲು ಆ ಜಾಗದಲ್ಲಿದ್ದವನು ಮಂಡಿನೋವು ಎಂದು ಒಂದು ತಿಂಗಳು ರಜೆ ಕೇಳಿದ್ದ; ಹನ್ನೊಂದು ವರ್ಷವಾದರೂ ಇನ್ನೂ ಮನೆಮನೆಗೆ ಹೋಗಿ ಮೀಟರ್ ಓದುತ್ತಿದ್ದಾನೆ. ದೊಡ್ಡವನಿಗೆ ನೀರು ಬಿಟ್ಟರೆ ಬೇರೆ ವಿದ್ಯೆಯಿಲ್ಲ, ನೀರಿನೊಳಗೆ ಇದ್ದಷ್ಟು ನೆಮ್ಮದಿ ಬೇರೆಲ್ಲೂ ಇಲ್ಲ. ಜೊತೆಗೆ, ತಾನು ಕೂತರೆ ಚಿಕ್ಕವನ ಜೊತೆ ಯಾರೋ ಗುರುತಿಲ್ಲದವನನ್ನು ಇಳಿಸುತ್ತಾರೆ. ಈ ಎರಡನೆಯ ಕಾರಣವನ್ನೇ ಅವನು ತನಗೆ ತಾನು ಹೆಚ್ಚು ಸಲ ಹೇಳಿಕೊಂಡ. ಹೆಂಡತಿಗೆ, ಇನ್ನೊಮ್ಮೆ ತೋರಿಸಿಕೊಂಡು ಬಂದೆ, ಮುಚ್ಚಿದೆಯಂತೆ ಎಂದ.

ಆ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ನೀರಿನಲ್ಲಿ ಇಳಿಯುತ್ತಾ ಹೋದಂತೆ ಒತ್ತಡ ಕಿವಿಯ ತಮಟೆಯನ್ನು ಒಳಕ್ಕೆ ಒತ್ತುತ್ತದೆ. ಮೂಗು ಹಿಡಿದು ಊದಿ, ಒಳಗಿನಿಂದಲೂ ಅಷ್ಟೇ ಗಾಳಿ ತುಂಬಿ ಸರಿದೂಗಿಸಬೇಕು. ಮೊದಲ ಹತ್ತು ಮೀಟರಿನಲ್ಲೇ ಒತ್ತಡ ಇಮ್ಮಡಿಯಾಗುವುದರಿಂದ ಕಷ್ಟವೆಲ್ಲ ಅಲ್ಲೇ. ಕೆಲವರಿಗೆ ಒಂದು ಊದಿಗೆ ಕಿವಿ ಬಿಡುತ್ತದೆ, ಕೆಲವರು ಮೀಟರಿಗೊಮ್ಮೆ ನಿಂತು ಒದ್ದಾಡಬೇಕು. ಮೇಸ್ತ್ರಿ ತಾವೇ ನೀರಿಗಿಳಿಯುತ್ತಿದ್ದ ಕಾಲದಿಂದಲೂ ನಿಯಮ: ಮಂದ ಕಿವಿಯವನು ಮುಂದೆ. ಅವನು ನಿಂತರೆ ಹಿಂದಿನವನೂ ನಿಲ್ಲಬೇಕು, ದಾಟಿ ಹೋಗುವಂತಿಲ್ಲ. ಇಬ್ಬರ ಮಣಿಕಟ್ಟಿಗೂ ಕುಣಿಕೆ ಹಾಕಿದ ಎರಡು ಮಾರಿನ ಜೋಡಿಹಗ್ಗ. ಒಂದು ಎಳೆತವೆಂದರೆ ನಿಲ್ಲು, ಎರಡು ಎಳೆತ ಹೊರಡು, ಮೂರು ಮೇಲಕ್ಕೆ. ನಿಲ್ಲಿಸಿದವನೇ ಹೊರಡಿಸಬೇಕು.

ಒಂಬತ್ತು ವರ್ಷದಿಂದ ಮಂದ ಕಿವಿ ದೊಡ್ಡವನದೇ. ಜಾಲರಿ ಮುಟ್ಟಲು ಐದು ನಿಮಿಷ, ಆರು ನಿಮಿಷ. ಚಿಕ್ಕವ ಅವನಿಗೆ ಬಸವನಹುಳು ಎಂದು ಹೆಸರಿಟ್ಟಿದ್ದ. ನೀವು ಇಳಿಯುವಷ್ಟರಲ್ಲಿ ನಾನು ಕೆಳಗೊಂದು ಸಂಸಾರ ಹೂಡಿ ಮಕ್ಕಳ ಮದುವೆ ಮಾಡಬಹುದು ಎಂದು ದಡದ ಮೇಲೆ ಎಲ್ಲರೆದುರು ಆಡಿಕೊಳ್ಳುತ್ತಿದ್ದ. ದೊಡ್ಡವ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಒಂಬತ್ತು ವರ್ಷದ ನಗೆ ಎಲ್ಲೋ ಒಂದು ಕಡೆ ಜಮೆಯಾಗುತ್ತಲೇ ಇತ್ತು.

ತೂತು ಬಿದ್ದ ಹನ್ನೆರಡನೆಯ ದಿನ ಅವನು ಮೊದಲ ಸಲ ಇಳಿದ. ಹತ್ತಿಗೆ ವ್ಯಾಸಲೀನ್ ಬಳಿದು ಕಿವಿಗೆ ತುರುಕಿ, ಮೇಲೆ ರಬ್ಬರಿನ ತಲೆಗವಸು ಬಿಗಿದ. ಎರಡು ಮೀಟರ್, ಮೂರು ಮೀಟರ್, ನೋವಿಲ್ಲ. ಅಭ್ಯಾಸಬಲದಿಂದ ಮೂಗು ಹಿಡಿದು ಊದಿದ. ಎಡಗಿವಿಯಿಂದ ಗಾಳಿ ಗುಳುಗುಳು ಎಂದು ಗವಸಿನೊಳಕ್ಕೆ ನುಗ್ಗಿತು. ಕಾಟ ಕೊಡುತ್ತಿದ್ದುದು ಆ ಎಡಗಿವಿಯೇ. ಬಲಗಿವಿ ಯಾವತ್ತೂ ಸಲೀಸು. ಒತ್ತಡಕ್ಕೆ ಈಗ ಒತ್ತಲು ತಮಟೆಯೇ ಇಡಿಯಾಗಿ ಇಲ್ಲ. ಅವನು ಕಲ್ಲು ಹಾಕಿದಂತೆ ಇಳಿದ. ಜಾಲರಿ ಮುಟ್ಟಿದ ಮೇಲೆ ತಣ್ಣೀರು ಹತ್ತಿಯನ್ನು ದಾಟಿತು. ಆಗ ಲೋಕವೇ ಬುಗುರಿಯಂತೆ ತಿರುಗಿತು. ಮೇಲು ಯಾವುದು, ಕೆಳಗು ಯಾವುದು, ಏನೂ ಉಳಿಯಲಿಲ್ಲ. ಎರಡೂ ಕೈಯಲ್ಲಿ ಕಂಬಿ ಹಿಡಿದು, ಕಣ್ಣು ಮುಚ್ಚಿ, ಎಣಿಸಿದ. ನಲವತ್ತು ದಾಟುವಾಗ ತಿರುಗುವುದು ನಿಂತಿತು. ಒಳಗೆ ಹೋದ ನೀರು ಮೈಯ ಬಿಸಿಗೆ ಬಂದರೆ ಸರಿಯಾಗುತ್ತದೆ ಎಂದು ಅವನೇ ಊಹಿಸಿಕೊಂಡ. ಊಹೆ ಸರಿಯಾಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ತೂತನ್ನೂ ಹೇಳಬೇಕಾಗುತ್ತಿತ್ತು.

ಮೇಲೆ ಬಂದಾಗ ಮೇಸ್ತ್ರಿ ಸಮಯ ಬರೆಯುವ ಸ್ಲೇಟನ್ನು ಎರಡು ಸಲ ನೋಡಿಕೊಂಡರು. ಎರಡೂವರೆ ನಿಮಿಷ.

"ಏನಯ್ಯಾ, ಹುಳಕ್ಕೆ ರೆಕ್ಕೆ ಬಂತಾ?"

ಹಳೇ ನೆಗಡಿ ಹೋಯ್ತು, ಕಿವಿ ಬಿಟ್ಟುಕೊಂಡಿದೆ ಎಂದ ದೊಡ್ಡವ. ಆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅವನು ಸಿಳ್ಳೆ ಹಾಕಿದ. ಎಡಗಿವಿಗೆ ಅದು ಸರಿಯಾಗಿ ಕೇಳಿಸಲಿಲ್ಲ, ಆದರೂ ಹಾಕಿದ. ಹನ್ನೊಂದು ವರ್ಷ ಅವನನ್ನು ಕಾಡಿದ್ದ ರೋಗಕ್ಕೆ ಈ ತೂತೇ ಮದ್ದು ಎಂದು ಅವನಿಗೆ ನಿಜವಾಗಿ ಅನ್ನಿಸಿಬಿಟ್ಟಿತ್ತು. ಮುಚ್ಚದಿದ್ದರೇ ಒಳ್ಳೆಯದಿತ್ತು ಎಂದು ಕೂಡ.

ಅವನು ಈಗ ಮಂದ ಕಿವಿಯವನಲ್ಲ. ಪದ್ಧತಿಯ ಪ್ರಕಾರ ಸರದಿ ಬದಲಾಗಬೇಕಿತ್ತು. ಆದರೆ ಒಂಬತ್ತು ವರ್ಷ ಮುಂದೆ ಇಳಿದವನು ಹತ್ತನೆಯ ವರ್ಷವೂ ಮುಂದೆ ಇಳಿಯುತ್ತಾನೆ; ಯಾಕೆ ಎಂದು ಯಾರೂ ಕೇಳುವುದಿಲ್ಲ. ಎರಡನೆಯ ಸಲ ಎರಡು ನಿಮಿಷ ಇಪ್ಪತ್ತು ಸೆಕೆಂಡ್. ಅಂದು ಮೇಲೆ ಬಂದ ಚಿಕ್ಕವ ಮಾಸ್ಕ್ ತೆಗೆದು ತುಸು ಹೊತ್ತು ತಲೆ ಬಗ್ಗಿಸಿ ಕೂತಿದ್ದ. ಜೀಪಿನಲ್ಲಿ ಬಲಗಿವಿಯ ಬುಡವನ್ನು ಹೆಬ್ಬೆರಳಿನಿಂದ ತೀಡುತ್ತಿದ್ದ. ದೊಡ್ಡವ ನೋಡಿದ.

"ಯಾಕೋ, ಹಿಂದೆ ಬಿದ್ಯಲ್ಲ? ಯಾರಪ್ಪ ಈಗ ಬಸವನಹುಳು?"

"ನೀವು ಮುದುಕರಾದ್ರಿ ಷಡ್ಡಕರೇ, ನಿಮಗೆ ಮನೆಗೆ ಹೋಗೋ ಅವಸರ. ನಾನು ಯಾಕೆ ಓಡಲಿ?" ಎಂದು ಚಿಕ್ಕವ ನಕ್ಕ.

ದೊಡ್ಡವನಿಗೆ ವಿಷಯ ಹೊಳೆಯಬೇಕಾಗಿದ್ದದ್ದು ಆಗಲೇ. ಚಿಕ್ಕವನ ಕಿವಿಯೂ ಮಂದವೇ. ದೊಡ್ಡವನದಕ್ಕಿಂತ ತುಸು ಚುರುಕು, ಅಷ್ಟೇ. ಒಂಬತ್ತು ವರ್ಷ ಅವನ ಮುಂದೆ ಇನ್ನೂ ಮಂದನಾದವನೊಬ್ಬ ಇಳಿಯುತ್ತಿದ್ದುದರಿಂದ ಅದು ಯಾರಿಗೂ, ಬಹುಶಃ ಚಿಕ್ಕವನಿಗೂ, ಗೊತ್ತಾಗಿರಲಿಲ್ಲ. ಬಸವನಹುಳುವಿನ ನಿಧಾನದ ನೆರಳಿನಲ್ಲಿ ಅವನು ಸುಖವಾಗಿ ಇಳಿಯುತ್ತಿದ್ದ. ಈಗ ನೆರಳು ಸರಿದಿತ್ತು. ಒಂಬತ್ತು ವರ್ಷ ಆಡಿಕೊಂಡ ಬಾಯಿಯಿಂದ, ಅಣ್ಣ, ಸ್ವಲ್ಪ ನಿಧಾನ ಎಂದು ಹೇಳುವುದು ಯಾರಿಗೂ ಸುಲಭವಲ್ಲ.

ಮೂರನೆಯ ಸಲ ಇಳಿದದ್ದು ಒಂದು ಬುಧವಾರ, ಬೆಳಗಿನ ಹತ್ತೂ ಕಾಲಿಗೆ. ಆಕಾಶ ಸ್ವಚ್ಛವಾಗಿತ್ತು, ನೀರು ಮಾತ್ರ ಕದಡಿತ್ತು. ಚಾಚಿದ ಕೈಯ ಬೆರಳು ಕಂಡರೆ ಹೆಚ್ಚು. ಬರುವಾಗ ಜೀಪಿನ ಧೂಳಿಗೆ ಚಿಕ್ಕವ ಒಂದೆರಡು ಸಲ ಸೀನಿದ್ದ. ಮೇಸ್ತ್ರಿ ಪಂಪು ನಿಲ್ಲಿಸಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಣಿಕಟ್ಟಿಗೆ ಕುಣಿಕೆ ಹಾಕಿಕೊಂಡು ದೊಡ್ಡವ ಮುಂದೆ, ಚಿಕ್ಕವ ಹಿಂದೆ, ಭಾರದ ಗುಂಡು ಕಟ್ಟಿ ಇಳಿಬಿಟ್ಟ ದಪ್ಪ ಹಗ್ಗವನ್ನು ಹಿಡಿದು ಇಳಿದರು.

ಅಂದು ಹತ್ತಿ ಸರಿಯಾಗಿ ಕೂತಿರಲಿಲ್ಲ. ನಾಲ್ಕು ಮೀಟರಿನಲ್ಲೇ ದೊಡ್ಡವನ ಕಿವಿಯೊಳಗೆ ತಣ್ಣನೆಯ ಎಳೆಯೊಂದು ಹರಿದಂತಾಯಿತು. ತಲೆ ತಿರುಗುವ ಮುಂಚೆ ಜಾಲರಿ ಮುಟ್ಟಬೇಕು, ತೂಗಾಡುವ ಹಗ್ಗ ನಂಬಿಕೊಂಡರೆ ಆಗದು, ಕಬ್ಬಿಣದ ಕಂಬಿ ಕೈಗೆ ಸಿಗಬೇಕು. ಅವನು ವೇಗ ಹೆಚ್ಚಿಸಿದ. ಏಳನೆಯ ಮೀಟರಿನ ಹತ್ತಿರ ಮಣಿಕಟ್ಟಿಗೆ ಒಂದು ಎಳೆತ ಬಂತು. ಸ್ಪಷ್ಟವಾದ ಒಂದು ಎಳೆತ. ನಿಲ್ಲು.

ಅವನು ನಿಂತ. ಒಂದು, ಎರಡು, ಮೂರು. ಕಿವಿಯೊಳಗಿನ ತಂಪು ಹರಡುತ್ತಿತ್ತು. ಒಂಬತ್ತು ವರ್ಷ ನಾನು ನಿಂತೆ, ನೀನು ನಕ್ಕೆ ಎನ್ನುವುದೊಂದು ಮಾತು ಮನಸ್ಸಿನಲ್ಲಿ ಹಾದುಹೋಯಿತು. ನಾಲ್ಕು, ಐದು. ಎರಡನೆಯ ಎಳೆತ ಬರಲಿಲ್ಲ. ಅವನೇ ಎರಡು ಸಲ ಎಳೆದ. ಹೊರಡು. ಹಾಗೆ ಮಾಡಿ ಕೆಳಗಿಳಿದ. ಜೋಡಿಹಗ್ಗ ಬಿಗಿಯಾಯಿತು, ಆಮೇಲೆ ಹಿಂದೆಯೇ ಬಂತು. ಬರುತ್ತಿದ್ದಾನೆ ಎಂದುಕೊಂಡ.

ಜಾಲರಿ ಕೈಗೆ ಸಿಕ್ಕಿತು. ಲೋಕ ತಿರುಗಿತು. ಕಣ್ಣು ಮುಚ್ಚಿ ಎಣಿಸುತ್ತಿರುವಾಗ ಮಣಿಕಟ್ಟಿನ ಹಗ್ಗ ಗಾಳಕ್ಕೆ ಸಿಕ್ಕ ಮೀನಿನಂತೆ ಕುಣಿಯಿತು. ಕೈ ಬಿಟ್ಟರೆ ತಾನೇ ಎಲ್ಲಿಗೆ ಹೋಗುತ್ತೇನೋ ಗೊತ್ತಿಲ್ಲ. ಬಿಡಲಿಲ್ಲ. ನಲವತ್ತೆರಡಕ್ಕೆ ತಲೆ ಸ್ಥಿಮಿತಕ್ಕೆ ಬಂತು. ಅಷ್ಟರಲ್ಲಿ ಹಗ್ಗ ಹಗುರವಾಗಿತ್ತು. ಎಳೆದುಕೊಂಡ. ಬರಿಯ ಕುಣಿಕೆ ಬಂತು.

ಅವನು ದಪ್ಪ ಹಗ್ಗ ಹಿಡಿದು ಏಳು ಮೀಟರಿನವರೆಗೆ ಹೋದ, ಸುತ್ತ ತಡಕಾಡಿದ. ಮೇಲಕ್ಕೆ ಬಂದು, ಚಿಕ್ಕವ ಬಂದನೇ ಎಂದು ಕೇಳಿದ. ಬಂದಿಲ್ಲ ಎಂದರು ಮೇಸ್ತ್ರಿ. ಒಂದು ಕಡೆ ಗುಳ್ಳೆ ಜಾಸ್ತಿ ಬಂದು ನಿಂತುಹೋಯಿತು ಎಂದು ಕೈ ತೋರಿಸಿದರು. ಮತ್ತೆ ಇಳಿದ. ಚಿಕ್ಕವ ಸಿಕ್ಕಿದ್ದು ಜಾಲರಿಗಿಂತಲೂ ಕೆಳಗೆ, ಗೋಪುರದ ಪಾಯದ ಕೆಸರಿನಲ್ಲಿ, ಇಪ್ಪತ್ತೆರಡು ಮೀಟರಿನಲ್ಲಿ. ತಲೆ ಕೆಳಗಾಗಿತ್ತು. ಬಾಯಿಯಿಂದ ಗಾಳಿಯ ಕೊಳವೆ ಕಳಚಿತ್ತು, ಅದರ ತುದಿಯಲ್ಲಿ ವಾಂತಿ ಮೆತ್ತಿತ್ತು. ಎರಡೂ ಕೈಗಳ ಉಗುರಿನೊಳಗೆ ಕೆಸರು. ಮೇಲೆಂದುಕೊಂಡು ಅವನು ಕೆಳಗೆ ಈಜಿದ್ದ. ಹತ್ತೂ ಮುಕ್ಕಾಲಿಗೆ ದಡಕ್ಕೆ ತಂದರು. ಮೇಸ್ತ್ರಿ ಅರ್ಧ ಗಂಟೆ ಎದೆ ಒತ್ತಿದರು. ಆಮೇಲೆ ಕೈ ತೆಗೆದು ಕೀಲಿಕೈಯನ್ನು ಜೀಪಿನ ಡ್ರೈವರನ ಕೈಗೆ ಕೊಟ್ಟು, ಪಂಪು ಹಾಕು ಹೋಗು, ಊರಿಗೆ ನೀರಿಲ್ಲ ಎಂದರು.

ಶವಪರೀಕ್ಷೆಯಲ್ಲಿ ಬಲಗಿವಿಯ ತಮಟೆ ಅಡ್ಡಕ್ಕೆ ಹರಿದಿತ್ತು. ಮಿಕ್ಕಿದ್ದನ್ನು ವಿಚಾರಣೆಗೆ ಬಂದ ಇಂಜಿನಿಯರು ಸರಿಯಾಗಿಯೇ ಜೋಡಿಸಿದರು: ಒತ್ತಡಕ್ಕೆ ತಮಟೆ ಹರಿಯಿತು, ತಣ್ಣೀರು ಒಳಗೆ ಹೋಯಿತು, ತಲೆ ತಿರುಗಿ ದಿಕ್ಕು ತಪ್ಪಿತು, ವಾಂತಿಯಾಗಿ ಕೊಳವೆ ಕಳಚಿತು. ಹರಿದದ್ದು ಏಕೆ ಎನ್ನುವುದೊಂದೇ ಬಾಕಿ. ಸ್ಲೇಟಿನ ಲೆಕ್ಕ ನೋಡಿ, ಇತ್ತೀಚೆಗೆ ಇಳಿಯುವುದು ಅರ್ಧಕ್ಕರ್ಧ ಚುರುಕಾಗಿದೆಯಲ್ಲ ಎಂದರು. ಮೇಸ್ತ್ರಿ ಹೌದು ಎಂದರು. ಇಂಜಿನಿಯರು ಅದನ್ನು ಮೆಚ್ಚುಗೆಯ ಸಾಲಿನಲ್ಲಿ ಬರೆದುಕೊಂಡರು.

ಮುಂದಿನ ಪ್ರಶ್ನೆ ದೊಡ್ಡವನಿಗೆ. ಮೃತನು ಏನಾದರೂ ಸನ್ನೆ ಮಾಡಿದನೇ?

ಜೋಡಿಹಗ್ಗದ ಒಂದು ತುದಿ ತನ್ನ ಕೈಯಲ್ಲಿತ್ತು. ಇನ್ನೊಂದು ತುದಿಯವನು ಇಲ್ಲ. ಮೂರನೆಯ ಸಾಕ್ಷಿಯಿಲ್ಲ.

ಇಲ್ಲ ಎಂದ.

ಅವನಿಗೆ ನೆಗಡಿಯಿತ್ತೇ?

ಇರಬಹುದು, ಬರುವಾಗ ಸೀನುತ್ತಿದ್ದ ಎಂದ. ಪೆನ್ನು ಕಾಗದದ ಮೇಲೆ ಓಡುವುದನ್ನು ಅವನು ನೋಡುತ್ತಾ ಕೂತ. ತಿದ್ದಲು ಸಾಕಷ್ಟು ಹೊತ್ತಿತ್ತು. ತಿದ್ದಲಿಲ್ಲ.

ಚಿಕ್ಕವನ ಹೆಂಡತಿ, ಅವನ ನಾದಿನಿ, ಆಮೇಲೆ ಅಕ್ಕನ ಮನೆಯಲ್ಲೇ ಇದ್ದಳು. ಮಕ್ಕಳಿರಲಿಲ್ಲ. ಬೆಳಗ್ಗೆ ಅಕ್ಕನ ಜೊತೆ ತರಕಾರಿ ಹೆಚ್ಚುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು. ಯಾರಾದರೂ ಸೀನಿದರೆ ಮಾತ್ರ ಕೈ ನಿಲ್ಲುತ್ತಿತ್ತು. ಮೊದಮೊದಲು ದೊಡ್ಡವನ ಗಮನಕ್ಕೆ ಇದು ಬರಲಿಲ್ಲ. ಅವನು ಹೆಚ್ಚಾಗಿ ಹೊರಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಅವನಿಗೆ ಆಘಾತವಾಗಿದೆ, ಒಟ್ಟಿಗೆ ಊಟ ಮಾಡಿದ ಜೀವ ಎಂದು ಬಂದವರೆಲ್ಲ ಹೇಳಿದರು. ಹಾಗೆ ಹೇಳಿದಾಗಲೆಲ್ಲ ಅವನು ತಲೆಯಾಡಿಸಿದ.

ಎರಡು ತಿಂಗಳು ಪಕ್ಕದ ಊರಿನ ಮುಳುಗುಗಾರರಿಂದ ಜಾಲರಿ ಕೆರೆಸಿದ ಮೇಲೆ ಕಚೇರಿಯಿಂದ ಕರೆ ಬಂತು. ಹೊಸ ಜೊತೆಗಾರ ಬಂದಿದ್ದಾನೆ, ಇಬ್ಬರಿಗೂ ವೈದ್ಯಕೀಯ ಪರೀಕ್ಷೆ. ಕಚೇರಿಯ ಡಾಕ್ಟರು ಬೇರೆಯವರು. ದೊಡ್ಡವ ಕುರ್ಚಿಯಲ್ಲಿ ಕೂತು, ಈಗ ತೂತು ಸಿಕ್ಕುತ್ತದೆ, ತಾನಾಗಿಯೇ ಎಲ್ಲ ಹೊರಬೀಳುತ್ತದೆ ಎಂದು ಕಾದ. ಅದು ಭಯವೋ ಆಸೆಯೋ ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಡಾಕ್ಟರು ಎಡಗಿವಿ ನೋಡಿದರು, ಬಲಗಿವಿ ನೋಡಿದರು, ಎರಡೂ ಅಚ್ಚುಕಟ್ಟಾಗಿವೆ ಎಂದರು. ತಮಟೆ ಮುಚ್ಚಿಕೊಂಡಿತ್ತು. ಫಿಟ್‌ನೆಸ್ ಸರ್ಟಿಫಿಕೇಟಿಗೆ ಸಹಿ ಬಿತ್ತು. ಇನ್ನು ಅವನು ಬಾಯಿ ಬಿಟ್ಟು ಹೇಳದ ಹೊರತು ಈ ಲೋಕದಲ್ಲಿ ಯಾರಿಗೂ ಏನೂ ತಿಳಿಯುವಂತಿರಲಿಲ್ಲ.

ಅದೇ ಮಧ್ಯಾಹ್ನ ಮನೆಗೆ ವಿಚಾರಣೆಯ ವರದಿಯ ಪ್ರತಿ ಬಂದಿತ್ತು. ಅವನು ಬಂದಾಗ ನಾದಿನಿ ಹೊರಗಿನ ಕೋಣೆಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎರಡನೆಯ ಪುಟದ ಒಂದು ಸಾಲಿನ ಕೆಳಗೆ ಅವಳ ಬೆರಳಿತ್ತು: ನೆಗಡಿಯಿದ್ದೂ ನೀರಿಗಿಳಿದು ಮೃತನು ಸ್ವಂತ ನಿರ್ಲಕ್ಷ್ಯ ತೋರಿರುತ್ತಾನೆ.

"ಬೆಳಗ್ಗೆ ಮನೇಲೂ ಒಂದ್ಸಲ ಸೀನಿದ್ರು ಭಾವ," ಎಂದಳು. "ಒಂದೇ ಒಂದ್ಸಲ. ಒಗ್ಗರಣೆ ಘಾಟಿಗೆ ಅಂದ್ಕೊಂಡು ನಾನು ಸುಮ್ಮನಾದೆ. ಇವತ್ತು ಹೋಗಬೇಡಿ ಅಂದಿದ್ರೆ ಬಯ್ಕೊಂಡಾದ್ರೂ ನಿಲ್ತಿದ್ರು. ನಾನು ಅನ್ನಲಿಲ್ಲ."

ಸಮಾಧಾನದ ಮಾತು ಹೇಳಿ ಒಳಗೆ ಹೋಗಬಹುದಿತ್ತು. ನಿನ್ನ ತಪ್ಪಲ್ಲಮ್ಮ ಎಂದರೆ ಸಾಕಿತ್ತು. ಅದನ್ನು ಎರಡು ತಿಂಗಳಿಂದ ಊರೆಲ್ಲ ಹೇಳುತ್ತಿತ್ತು, ಅವಳು ಯಾರದನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ. ಇವಳು ಇನ್ನೂ ನಲವತ್ತು ವರ್ಷ ಬದುಕುತ್ತಾಳೆ ಎಂದು ಅವನಿಗೆ ಅನ್ನಿಸಿತು. ನಲವತ್ತು ವರ್ಷ ಒಂದು ಸೀನನ್ನು ಹೊತ್ತುಕೊಂಡು ತಿರುಗುತ್ತಾಳೆ. ಅದನ್ನು ಅವಳ ತಲೆಯ ಮೇಲೆ ಇಟ್ಟದ್ದು ತಾನು.

ಅವನು ಎದುರಿನ ಕುರ್ಚಿಯಲ್ಲಿ ಕೂತ.

"ಅವನಿಗೆ ನೆಗಡಿ ಇರಲಿಲ್ಲ," ಎಂದ. "ಅವನು ನೀರೊಳಗೆ ಒಂದು ಸಲ ಹಗ್ಗ ಎಳೆದಿದ್ದ."

ಅವಳು ತಲೆಯೆತ್ತಿದಳು. "ಒಂದು ಸಲ ಅಂದ್ರೆ?"

"ನಿಲ್ಲು ಅಂತ."

"ನಿಂತ್ರಾ?"

"ಐದು ಎಣಿಸೋವರೆಗೆ."

"ಆಮೇಲೆ?"

"ಅವನು ಹೊರಡು ಅನ್ನಬೇಕಿತ್ತು. ನಾನೇ ಅಂದು ಹೊರಟುಬಿಟ್ಟೆ. ನಂಗೆ ಅವಸರ ಇತ್ತು."

ಅವಸರ ಯಾಕಿತ್ತು ಎಂದು ಅವಳು ಕೇಳಿದಳು. ಅವನು ಹೇಳಿದ. ಕಿವಿಯ ತೂತು, ವ್ಯಾಸಲೀನಿನ ಹತ್ತಿ, ಎರಡೂವರೆ ನಿಮಿಷ, ಜೀಪಿನಲ್ಲಿ ಚಿಕ್ಕವ ಕಿವಿಯ ಬುಡ ತೀಡಿಕೊಂಡದ್ದು, ತಾನು ಆಡಿದ ಮಾತು. ತಲೆ ತಿರುಗಿದರೆ ಏನಾದರೊಂದನ್ನು ಗಟ್ಟಿಯಾಗಿ ಹಿಡಿದು ಒಂದು ನಿಮಿಷ ಕಾಯಬೇಕು, ತಾನಾಗಿ ನಿಲ್ಲುತ್ತದೆ ಎನ್ನುವುದು ತನಗೆ ಮೊದಲೇ ಗೊತ್ತಿತ್ತು, ಅವನಿಗೆ ಹೇಳಿರಲಿಲ್ಲ ಎನ್ನುವುದನ್ನೂ ಹೇಳಿದ. ಹೇಳುತ್ತಾ ಹೋದಂತೆ ಮಾತು ಸಲೀಸಾಗುತ್ತಿದ್ದುದು ಅವನಿಗೇ ಹೇಸಿಗೆಯೆನಿಸಿತು. ಅವಳು ಅಳುತ್ತಾಳೆ, ಮೈಮೇಲೆ ಬೀಳುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದ. ಅವಳು ವರದಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದಳು.

"ಅಕ್ಕಂಗೆ ಗೊತ್ತಾ?"

"ಇಲ್ಲ."

"ನನ್ನೊಬ್ಬಳ ಕಿವಿಗೆ ಹೇಳಿ ಹಗುರ ಆಗೋಣ ಅಂತಲಾ?"

ಅದು ಪೂರ್ತಿ ಸುಳ್ಳಲ್ಲ. ಅವಳು ಅಡುಗೆಮನೆಯ ಕಡೆ ತಿರುಗಿ ಕರೆದಳು. ಧ್ವನಿ ಏರಲಿಲ್ಲ.

"ಅಕ್ಕಾ, ಒಂದ್ನಿಮಿಷ ಬಾ ಇಲ್ಲಿ. ಭಾವ ಏನೋ ಹೇಳಬೇಕಂತೆ. ಕೂತ್ಕೊಂಡು ಕೇಳು. ಆಮೇಲೆ ಮೂರೂ ಜನ ಆಫೀಸಿಗೆ ಹೋಗೋದಿದೆ, ಐದಕ್ಕೆ ಬಾಗಿಲು ಹಾಕ್ತಾರೆ."

ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು. ತಂಗಿಯ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಏನ್ರೀ ಎಂದಳು. ನಾದಿನಿಗೆ ಅವನು ಹಗ್ಗದಿಂದ ಶುರುಮಾಡಿದ್ದ. ಇವಳಿಗೆ ಇನ್ನೂ ಹಿಂದಿನಿಂದ ಶುರುಮಾಡಬೇಕಿತ್ತು.

"ಕಿವಿ ಮುಚ್ಚಿದೆ ಅಂತ ನಿಂಗೆ ಹೇಳಿದ್ನಲ್ಲ," ಎಂದ, "ಆಗ ಮುಚ್ಚಿರಲಿಲ್ಲ."